ಚೌಕಿಗೆ ಎಫ್‌3, ರಂಗಕ್ಕೆ ಎಫ್‌5

ಮುಂಬೈಯ ಮಾಟುಂಗಾದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಯಕ್ಷಗಾನವಿದ್ದರೆ ನಾನು ಎರಡು ಗಂಟೆ ಮೊದಲೇ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಹೋಗಿ ಕೂರುತ್ತೇನೆ. ನಿಕಾನ್‌ನ ಫಿಲ್ಮ್ ಕ್ಯಾಮೆರಾಗಳಾದ ಎಫ್‌3, ಎಫ್‌4, ಎಫ್‌5 ಮೂರರಲ್ಲೂ ವೇಷಗಳ ಚಿತ್ರ ತೆಗೆದಿದ್ದೇನೆ.

ಚೌಕಿಯಲ್ಲಿ 1980ರ ಎಫ್‌3ಗೆ ಸಾಟಿಯಿಲ್ಲ. ಕಲಾವಿದರು ಕನ್ನಡಿ ಹಿಡಿದು ಕಣ್ಣಂಚಿಗೆ ಕಪ್ಪು ಗೆರೆ ಎಳೆದುಕೊಳ್ಳುತ್ತಿರುತ್ತಾರೆ. ವ್ಯೂಫೈಂಡರಿನ ನಡುವಿನ ಪುಟ್ಟ ವೃತ್ತದಲ್ಲಿ ಆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ತುಂಡುಗಳು ಕೂಡಿಕೊಳ್ಳುತ್ತವೆ. ಫೋಕಸ್ ಸರಿಯಾಯಿತೆಂದು ಕಣ್ಣೇ ಹೇಳುತ್ತದೆ. ಇದರ ಬೆಳಕು ಅಳೆಯುವ ಮೀಟರ್ ಶೇ 80ರಷ್ಟು ತೂಕವನ್ನು ನಡುವಿನ 12 ಮಿ.ಮೀ. ವೃತ್ತಕ್ಕೇ ಕೊಡುವುದರಿಂದ, ಪಕ್ಕದಲ್ಲಿ ಉರಿಯುವ ಬಲ್ಬಿಗೆ ಅಷ್ಟಾಗಿ ಮೋಸಹೋಗುವುದಿಲ್ಲ. ಬೇಕಾಗುವುದು ಗುಂಡಿಯಂಥ ಎರಡು ಸೆಲ್. ಅವು ಸತ್ತರೂ ಮುಂಭಾಗದ ಸನ್ನೆ ಒತ್ತಿದರೆ 1/60 ಸೆಕೆಂಡಿನಲ್ಲಿ ಶಟರ್ ತೆರೆದು ಮುಚ್ಚುತ್ತದೆ.

ಚೆಂಡೆ ಏರಿ ಪುಂಡುವೇಷ (ತರುಣ ವೀರನ ಪಾತ್ರ) ದಿಗಿಣ ಎಂಬ ಗಿರಕಿಯ ಜಿಗಿತ ಹಾರತೊಡಗಿದಾಗ ನನ್ನ ಕೈ ಹಿಂದೆ ಬೀಳುತ್ತದೆ. ಅಲ್ಲಿ 1996ರ ಎಫ್‌5 ಬೇಕು. ಅದಕ್ಕೆ ಐದು ಫೋಕಸ್ ಬಿಂದುಗಳಿವೆ. ನಾನು ಮೇಲಿನ ಬಿಂದುವನ್ನು ಆರಿಸಿ, ಕಿರೀಟ ಹಣೆಗೆ ಸೇರುವ ಅಂಚಿನ ಮೇಲೆ ನಿಲ್ಲಿಸುತ್ತೇನೆ. ನುಣ್ಣಗೆ ಬಣ್ಣ ಬಳಿದ ಕೆನ್ನೆಯ ಮೇಲಿಟ್ಟರೆ ಹಿಡಿದುಕೊಳ್ಳಲು ಅದಕ್ಕೆ ಏನೂ ಸಿಗದೆ ಲೆನ್ಸ್ ಹಿಂದೆಮುಂದೆ ಓಡುತ್ತದೆ. ಸೆಕೆಂಡಿಗೆ ಏಳಕ್ಕೂ ಹೆಚ್ಚು ಫ್ರೇಮ್ ಎಂದರೆ 36 ಫ್ರೇಮಿನ ರೋಲು ಐದು ಸೆಕೆಂಡಿಗೆ ಖಾಲಿ! ಹಾಗೆ ರೋಲು ಬದಲಿಸುತ್ತಿದ್ದಾಗಲೇ ಒಮ್ಮೆ ಅಭಿಮನ್ಯುವಿನ ಕೊನೆಯ ಸುತ್ತು ತಪ್ಪಿಹೋಯಿತು. ಆ ನೋವು ಇನ್ನೂ ಇದೆ. ಅಂದಿನಿಂದ ಒಂದು ಒತ್ತಿಗೆ ಒಂದೇ ಫ್ರೇಮ್. ಎಂಟು ಎಎ ಸೆಲ್ ತುಂಬಿದ ಅದರ ಭಾರ ಮಾತ್ರ ನಡುರಾತ್ರಿಯ ಹೊತ್ತಿಗೆ ಮಣಿಕಟ್ಟಿಗೆ ಗೊತ್ತಾಗುತ್ತದೆ.

1988ರ ಎಫ್‌4 ಎರಡು ಕಾಲದ ನಡುವೆ ನಿಂತ ಕ್ಯಾಮೆರಾ. ಕೈಯಿಂದಲೇ ಫೋಕಸ್ ಮಾಡುವ ಹಳೆಯ ಎಐ ಲೆನ್ಸುಗಳಿಗೂ ಮ್ಯಾಟ್ರಿಕ್ಸ್ ಮೀಟರಿಂಗ್ (ಚಿತ್ರವನ್ನು ಹಲವು ಭಾಗ ಮಾಡಿ ಬೆಳಕು ಅಳೆಯುವ ಕ್ರಮ) ಕೊಡುತ್ತದೆ, ಎಫ್‌5 ಕೊಡುವುದಿಲ್ಲ. ಕೈಯಿಂದ ಫೋಕಸ್ ಮಾಡುವಾಗ ಹಸಿರು ಚುಕ್ಕೆ ಹೊತ್ತಿ ದಾರಿ ತೋರುತ್ತದೆ. ಆದರೆ ಅದರ ಆಟೋಫೋಕಸ್ ನಡುವಿನಲ್ಲಷ್ಟೇ ನೋಡುತ್ತದೆ, ದಿಗಿಣದ ವೇಗಕ್ಕೆ ಸಾಲುವುದಿಲ್ಲ. ಬೀರುವಿನಲ್ಲಿ ಹಳೆಯ ಲೆನ್ಸುಗಳಿದ್ದು, ಒಂದೇ ಕ್ಯಾಮೆರಾ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಮುಂಬೈಯ ಕೋಟೆ (ಫೋರ್ಟ್) ಪರಿಸರದ ಅಂಗಡಿಗಳಲ್ಲಿ ಬಳಸಿದ್ದನ್ನು ನೋಡುವಾಗ ಮೊದಲು ವ್ಯೂಫೈಂಡರಿನೊಳಗಿನ ಅಂಕಿಗಳನ್ನು ನೋಡಿ. ಅಂಚಿನಿಂದ ಮಸಿ ಚೆಲ್ಲಿದಂತೆ ಕಪ್ಪು ಹರಡಿದ್ದರೆ ಬೆಲೆ ಇಳಿಸಿ ಕೇಳಿ, ಅಂಕಿಯೇ ಓದಲಾಗದಿದ್ದರೆ ಬಿಟ್ಟುಬಿಡಿ.