ಕರುಳಿನ ಬ್ಯಾಕ್ಟೀರಿಯಾ ವರದಿಯನ್ನು ಮನೋವೈದ್ಯರ ಬಳಿಗೆ ಒಯ್ಯುವ ಮುನ್ನ

ಮಲದ ಮಾದರಿಯನ್ನು ಕೊರಿಯರ್‌ನಲ್ಲಿ ಕಳುಹಿಸಿದರೆ ಕರುಳಿನ ಬ್ಯಾಕ್ಟೀರಿಯಾಗಳ ಪಟ್ಟಿಯನ್ನು ಬಣ್ಣದ ನಕ್ಷೆಗಳೊಂದಿಗೆ ಕಳುಹಿಸಿಕೊಡುವ ಖಾಸಗಿ ಪರೀಕ್ಷೆಗಳು ಈಗ ನಮ್ಮಲ್ಲಿಯೂ ದೊರೆಯುತ್ತವೆ. ತಿಂಗಳುಗಟ್ಟಲೆ ಮಂಕಾಗಿರುವವರಿಗೆ, ತಮ್ಮ ಕಾಯಿಲೆ ಖಿನ್ನತೆಯೋ, ಖಿನ್ನತೆಯ ಜೊತೆಗೆ ಆಗಾಗ ಅತಿಯಾದ ಉತ್ಸಾಹದ (ಉನ್ಮಾದದ) ಅವಧಿಗಳೂ ಬರುವ ಬೈಪೋಲಾರ್ ತೊಂದರೆಯೋ ಎಂಬುದನ್ನು ಆ ವರದಿ ಹೇಳಿಬಿಡುತ್ತದೆ ಎಂಬ ಆಸೆ ಹುಟ್ಟುವುದು ಸಹಜ. ಇಂದಿನ ಸ್ಥಿತಿಯಲ್ಲಿ ಅದು ಹಾಗೆ ಹೇಳಲಾರದು. ವರದಿ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಹೇಗೆ ಓದಬೇಕು, ರೋಗನಿರ್ಣಯಕ್ಕೆ ನಿಜವಾಗಿ ಏನನ್ನು ಸಿದ್ಧಪಡಿಸಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ವರದಿಯಲ್ಲಿ ಯಾವ ಬ್ಯಾಕ್ಟೀರಿಯಾಗಳನ್ನು ಹೆಸರಿಸಿದ್ದಾರೆಂದು ನೋಡಿ. ಕೊಪ್ರೊಕಾಕಸ್ ಮತ್ತು ಡಯಲಿಸ್ಟರ್ ಕಡಿಮೆಯಿವೆ ಎಂದಿದ್ದರೆ, ಆ ಮಾತಿನ ಮೂಲ ಬಹುಶಃ ಬೆಲ್ಜಿಯಂನಲ್ಲಿದೆ. ಲೂವೆನ್‌ನ ಯೆರೂನ್ ರಾಸ್ ಅವರ ತಂಡ 2019ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಮಾದರಿಗಳನ್ನು ಪರಿಶೀಲಿಸಿ, ಖಿನ್ನತೆಯಿದ್ದವರಲ್ಲಿ ಈ ಎರಡೂ ಕಡಿಮೆ ಇದ್ದುದನ್ನು, ಔಷಧಿಗಳ ಪ್ರಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಾಗೆಯೇ ಕಂಡುಬಂದುದನ್ನು ಪ್ರಕಟಿಸಿತು. ಕೆಲಸ ಗಟ್ಟಿಯಾದದ್ದೇ, ಆದರೆ ಅದು ಗುಂಪುಗಳ ನಡುವಿನ ವ್ಯತ್ಯಾಸವೇ ಹೊರತು ಒಬ್ಬ ವ್ಯಕ್ತಿಯ ಮೇಲೆ ಹಾಕಬಹುದಾದ ಮುದ್ರೆಯಲ್ಲ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಫೀಕಾಲಿಬ್ಯಾಕ್ಟೀರಿಯಂ ಮತ್ತು ಕೊಪ್ರೊಕಾಕಸ್‌ಗಳ ಇಳಿಕೆ ಹಾಗೂ ಎಗರ್ಥೆಲ್ಲಾದ ಏರಿಕೆ ಖಿನ್ನತೆ, ಬೈಪೋಲಾರ್, ಆತಂಕ, ಸ್ಕಿಜೋಫ್ರೇನಿಯಾ ಎಲ್ಲವುಗಳಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕಾಣಿಸಿಕೊಂಡಿತು. ನಾಲ್ಕು ಕಾಯಿಲೆಗಳಿಗೂ ಒಂದೇ ಗುರುತು ಇರುವಾಗ, ಆ ಗುರುತಿನಿಂದ ಯಾವ ಕಾಯಿಲೆಯೆಂದು ಹೇಳುವುದಾದರೂ ಹೇಗೆ?

ಬಳಿಕ, ಮಾದರಿ ಕೊಟ್ಟ ದಿನದ ಸ್ಥಿತಿಯನ್ನು ವರದಿಯ ಅಂಚಿನಲ್ಲಿ ಬರೆದಿಡಿ: ಹಿಂದಿನ ಕೆಲವು ತಿಂಗಳಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಿರಾ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನಡೆಯುತ್ತಿತ್ತೇ, ಮಲಬದ್ಧತೆಯಿತ್ತೇ ಅಥವಾ ಭೇದಿಯಿತ್ತೇ. ಮಲ ಗಟ್ಟಿಯೋ ತೆಳುವೋ ಎಂಬುದೇ ಬ್ಯಾಕ್ಟೀರಿಯಾಗಳ ಲೆಕ್ಕವನ್ನು ಬಹಳವಾಗಿ ಬದಲಿಸುತ್ತದೆ. ಹೈಡೆಲ್‌ಬರ್ಗ್‌ನ ಪ್ರಯೋಗಾಲಯವೊಂದು 2018ರಲ್ಲಿ ಸಾವಿರಕ್ಕೂ ಹೆಚ್ಚು ಔಷಧಿಗಳನ್ನು ಪರೀಕ್ಷಿಸಿದಾಗ, ಆ್ಯಂಟಿಬಯೋಟಿಕ್ ಅಲ್ಲದ ಔಷಧಿಗಳಲ್ಲಿಯೂ ಸುಮಾರು ಕಾಲುಭಾಗ ಕರುಳಿನ ಒಂದಲ್ಲ ಒಂದು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ತಡೆದವು. ಮನೋರೋಗದ ಕೆಲವು ಮಾತ್ರೆಗಳೂ ಆ ಪಟ್ಟಿಯಲ್ಲಿದ್ದವು. ಮುದ್ದೆ, ಸೊಪ್ಪು, ಮಜ್ಜಿಗೆ ಉಣ್ಣುವವರ ಕರುಳನ್ನು ಯೂರೋಪಿನವರ ಸರಾಸರಿಯೊಂದಿಗೆ ಹೋಲಿಸಿ ‘ಅಸಮತೋಲನ’ ಎಂದು ಬರೆದಿದ್ದರೆ ಅದನ್ನೂ ಅನುಮಾನದಿಂದಲೇ ಓದಬೇಕು.

ಮನಸ್ಥಿತಿಯೊಂದಿಗೆ ನಂಟಿರುವ ರಾಸಾಯನಿಕವಾದ ಸೆರೊಟೋನಿನ್‌ನ ಶೇಕಡ 90ರಷ್ಟು ದೇಹದ ಕರುಳಿನಲ್ಲೇ ತಯಾರಾಗುತ್ತದೆ ಎಂಬ ವಾಕ್ಯ ಇಂಥ ವರದಿಗಳ ಮುನ್ನುಡಿಯಲ್ಲಿ ತಪ್ಪದೆ ಬರುತ್ತದೆ. ಮಾತು ನಿಜವೇ. ಆ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟಲಾರದು ಎಂಬುದನ್ನು ಮಾತ್ರ ಬರೆದಿರುವುದಿಲ್ಲ.

ಇನ್ನು ವೈದ್ಯರ ಭೇಟಿಗೆ ಸಿದ್ಧತೆ. ಖಿನ್ನತೆಯ ಲಕ್ಷಣಗಳನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು, ಕಳೆದ ಎರಡು ವಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತುಂಬಿ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಪೂರ್ಣ ತಪಾಸಣೆ ಅಗತ್ಯವೆಂದು ತಿಳಿಯಿರಿ. ಇದೂ ರೋಗನಿರ್ಣಯವಲ್ಲ, ಶೋಧನೆ ಮಾತ್ರ. ಒಂಬತ್ತನೆಯ ಪ್ರಶ್ನೆ ಸಾವಿನ ಆಲೋಚನೆಯ ಕುರಿತಾದದ್ದು. ಅದಕ್ಕೆ ಸೊನ್ನೆಯಲ್ಲದ ಉತ್ತರ ಬಂದರೆ ಭೇಟಿಯ ದಿನದವರೆಗೆ ಕಾಯದೆ ಮನೆಯವರಿಗೆ ತಿಳಿಸಿ ಆಸ್ಪತ್ರೆಗೆ ಹೋಗಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ. ಅಲ್ಲಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೂ ಮಾತನಾಡಬಹುದು.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಹಿಂದಿನ ದಿನಗಳ ನೆನಪಿಗೆ. ಸತತ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಮೂರು ಗಂಟೆ ಮಲಗಿದರೂ ಆಯಾಸವಿಲ್ಲದೆ, ಎಂದಿಗಿಂತ ಹೆಚ್ಚು ಮಾತನಾಡುತ್ತ, ಕೈಬಿಚ್ಚಿ ಖರ್ಚು ಮಾಡುತ್ತ, ಹೊಸ ಹೊಸ ಯೋಜನೆಗಳಿಗೆ ಕೈಹಾಕಿದ ಅವಧಿಯೊಂದು ಎಂದಾದರೂ ಇತ್ತೇ ಎಂಬುದನ್ನು ತಿಂಗಳು, ವರ್ಷಗಳ ಸಮೇತ ಬರೆಯಿರಿ. ಬರೀ ಖಿನ್ನತೆಯನ್ನು ಬೈಪೋಲಾರ್‌ನಿಂದ ಬೇರ್ಪಡಿಸುವುದು ಇಂಥ ಅವಧಿಗಳೇ. ಇದನ್ನು ಒಬ್ಬರೇ ಕುಳಿತು ಬರೆಯಬೇಡಿ. ಅಂಥ ದಿನಗಳು ಅನುಭವಿಸಿದವರಿಗೆ ಕಾಯಿಲೆಯಂತೆ ಅಲ್ಲ, ಒಳ್ಳೆಯ ದಿನಗಳಂತೆ ನೆನಪಿರುತ್ತವೆ, ಆದರೆ ಮನೆಯವರು ಅವನ್ನು ಬೇರೆಯಾಗಿಯೇ ನೆನಪಿಟ್ಟಿರುತ್ತಾರೆ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳಬಹುದಾದ್ದರಿಂದ, ವೈದ್ಯರ ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಈ ಒಂದು ಹಾಳೆಯ ಮೇಲೆ ನಿಂತಿರುತ್ತದೆ. ಥೈರಾಯ್ಡ್, ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆಗಳ ಫಲಿತಾಂಶಗಳಿದ್ದರೆ ಅವನ್ನೂ ಜೊತೆಗಿಡಿ, ಏಕೆಂದರೆ ಇವುಗಳ ಕೊರತೆಯೂ ಮಂಕನ್ನು ತರಬಲ್ಲದು.

ಬ್ಯಾಕ್ಟೀರಿಯಾ ವರದಿಯನ್ನು ಎಸೆಯಬೇಕಾಗಿಲ್ಲ, ಕಡತದ ಕೊನೆಯಲ್ಲಿರಲಿ. ಅದರಲ್ಲಿ ಸೂಚಿಸಿದ ಪ್ರೋಬಯೋಟಿಕ್ (ಜೀವಂತ ಬ್ಯಾಕ್ಟೀರಿಯಾಗಳಿರುವ) ಪುಡಿಯನ್ನು ಆರಂಭಿಸಿದ್ದರೆ ಹೆಸರನ್ನು ವೈದ್ಯರಿಗೆ ತಿಳಿಸಿ, ಮತ್ತು ಅದನ್ನು ನೆಚ್ಚಿಕೊಂಡು ನಡೆಯುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.