ಸಣ್ಣ ಕಾರಿನ ಅಡಿ ನೆಲಕ್ಕೆ ತಾಗ್ತಿದೆಯಾ?

ಪುಣೆಯಿಂದ ಹಬ್ಬಕ್ಕೆ ಊರಿಗೆ ಹೊರಟರೆ ಸಣ್ಣ ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಹಂಪ್ ಬಂದಾಗ ಅಡಿ ಕೆರೆಯದೆ ಇರುತ್ತದಾ?

ಮೊದಲು ಟೈರಿನ ಗಾಳಿ ನೋಡಿ. ಪೂರ್ತಿ ಲೋಡಿಗೆ ಎಷ್ಟು ಬೇಕೆಂದು ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಕಾರು ಹಳೆಯದಾದರೆ ಹಿಂಬದಿಯ ಸ್ಪ್ರಿಂಗ್ ಕುಗ್ಗಿರಬಹುದು, ಹೊಸದು ಹಾಕಿಸಿದರೆ ಕಂಪನಿ ಕೊಟ್ಟ ಎತ್ತರ ವಾಪಸ್ ಬರುತ್ತದೆ, ಎಷ್ಟೋ ಜನರಿಗೆ ಅಷ್ಟೇ ಸಾಕು.

ಇನ್ನೂ ಬೇಕಾ? ಟೈರ್ ಒಂದು ಸೈಜ್ ದೊಡ್ಡದು ಮಾಡಿ. 155/80 ಆರ್13 ಬದಲು 165/80 ಆರ್13 ಹಾಕಿದರೆ ವ್ಯಾಸ 16 ಮಿಲಿಮೀಟರ್ ಹೆಚ್ಚುತ್ತದೆ, ಆದರೆ ಕಾರು ಏರುವುದು ಅದರ ಅರ್ಧ, ಬರೀ 8. ಸ್ಪೀಡೋಮೀಟರ್ ಕೂಡ ಮೊದಲಿಗಿಂತ ಸುಮಾರು ಶೇ. 3ರಷ್ಟು ಕಡಿಮೆ ತೋರಿಸುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಟೈರ್ ಎಲ್ಲೂ ಉಜ್ಜುತ್ತಿಲ್ಲ ಅಂತ ನೋಡಿಕೊಳ್ಳಿ.

ಸ್ಪ್ರಿಂಗ್ ಸುರುಳಿಗಳ ಮಧ್ಯೆ ಸಿಕ್ಕಿಸುವ ರಬ್ಬರ್ ಬಫರ್ ಅಗ್ಗ. ಲೋಡ್ ಇದ್ದಾಗ ಹಿಂಬದಿ ಕುಸಿಯುವುದನ್ನು ತಡೆಯುತ್ತದೆ, ಖಾಲಿ ಕಾರಿನಲ್ಲಿ ಮಾತ್ರ ಸ್ವಲ್ಪ ಗಟ್ಟಿ ಅನಿಸುತ್ತದೆ. ನಿಜವಾಗಿ ಎತ್ತರಿಸುವುದು ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಭಾಗ) ಮೇಲೆ ಕೂರಿಸುವ ಸ್ಪೇಸರ್, ಅಂದರೆ ಎತ್ತರ ಕೊಡುವ ಬಿಲ್ಲೆ. ಅದನ್ನು ಸುಮ್ನೆ ದಪ್ಪ ಹಾಕಿಸಬೇಡಿ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಜಾಯಿಂಟ್‌ನ ಕೋನ ಹೆಚ್ಚಾಗಿ ಬೇಗ ಸವೆಯುತ್ತದೆ, ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ, ಘಾಟ್‌ನಲ್ಲಿ ಅದು ಒಳ್ಳೆಯದಲ್ಲ ಅಲ್ವಾ. ಹಾಕಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಕಡ್ಡಾಯ. ವಾರಂಟಿ ಇದ್ದರೆ ಕೈ ಹಾಕುವ ಮೊದಲೇ ಶೋರೂಮ್‌ನಲ್ಲಿ ಕೇಳಿ.