ಹಾಲು ಕೊಡದ ಎರಡು ತಿಂಗಳು: ನಮ್ಮ ಕೊಟ್ಟಿಗೆಯ ಅನುಭವ

ಹಸು ಸಾಕುತ್ತೇವೆ ಅಂದ ಕೂಡಲೇ ಎಲ್ಲರೂ ಕೇಳುವುದು, ಎಷ್ಟು ಲೀಟರ್ ಕೊಡುತ್ತದೆ ಅಂತ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಕರು ಹಾಕುವುದಕ್ಕೆ ಮುಂಚೆ ಅದು ಒಂದು ತೊಟ್ಟೂ ಹಾಲು ಕೊಡದ ಎರಡು ತಿಂಗಳು. ಮುಂದಿನ ಸೂಲಿನ (ಕರು ಹಾಕಿದ ಮೇಲಿನ ಸರದಿಯ) ಹಾಲು, ಹುಟ್ಟುವ ಕರುವಿನ ಗಟ್ಟಿತನ, ಡಾಕ್ಟರ ಖರ್ಚು, ಮುಕ್ಕಾಲು ಪಾಲು ಅಲ್ಲೇ ತೀರ್ಮಾನ ಆಗಿಬಿಡುತ್ತದೆ.

ನಮ್ಮದು ಚಿಂತಾಮಣಿ ಕಡೆ ಒಂದು ಹಳ್ಳಿ. ಐದು ಹಸು, ಎಲ್ಲ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ, ಜೊತೆಗೆ ಕಡಸುಗಳು. ಬೋರ್‌ವೆಲ್ ನಂಬಿ ಸ್ವಲ್ಪ ನೇಪಿಯರ್ ಹುಲ್ಲು, ಮುಸುಕಿನ ಜೋಳ ಬೆಳೆಯುತ್ತೇವೆ. ರಾಗಿ ಹುಲ್ಲಿನ ಬಣವೆ ಇದೆ. ರೇಷ್ಮೆ ಹುಳ ತಿಂದು ಬಿಟ್ಟ ಸೊಪ್ಪೂ ಕೊಟ್ಟಿಗೆಗೇ ಬರುತ್ತದೆ. ಬೆಳಗ್ಗೆ ಐದಕ್ಕೆ ಸಗಣಿ ಬಾಚಿ, ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ, ಹಾಲು ಕರೆದು ಆರೂವರೆ ಒಳಗೆ ಡೈರಿಗೆ ಹಾಕಬೇಕು. ಸಂಜೆ ಮತ್ತೆ ಅದೇ. ಕರೆಯುವುದು ನಾನು ಮತ್ತು ನಮ್ಮ ಅತ್ತೆ, ಹುಲ್ಲು ಕೊಯ್ದು ತರುವುದು ನಮ್ಮ ಯಜಮಾನರು.

ಹಸು ಗಬ್ಬ ಇರುವುದು ಸುಮಾರು 280 ದಿನ. ಗಬ್ಬಕ್ಕೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಹಾಕಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡುತ್ತೇವೆ. ಏಳು ತಿಂಗಳು ತುಂಬಿತು ಅಂದರೆ ಕರೆಯುವುದು ನಿಲ್ಲಿಸಿಬಿಡುತ್ತೇವೆ. ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಆಗಲೂ ಹೊತ್ತಿಗೆ ಮೂರು ನಾಲ್ಕು ಲೀಟರ್ ಕೊಡುತ್ತಾ ಇರುತ್ತದೆ, ನಿಲ್ಲಿಸಿದರೆ ಡೈರಿಯಿಂದ ಬರುವ ಬಟವಾಡೆ ಕಮ್ಮಿ ಆಗುತ್ತದೆ, ಇನ್ನೊಂದು ಹದಿನೈದು ದಿನ ಕರೆಯೋಣ ಅಂತ ಆಸೆ ಆಗುವುದು ಸಹಜ, ಅಲ್ವಾ? ಆದರೆ ಹೊಟ್ಟೆಯಲ್ಲಿರುವ ಕರು ಜಾಸ್ತಿ ಬೆಳೆಯುವುದು ಈ ಕೊನೆಯ ಎರಡು ತಿಂಗಳಲ್ಲೇ. ಕೆಚ್ಚಲಿಗೂ ಅಷ್ಟು ವಿಶ್ರಾಂತಿ ಬೇಕು. ಆ ಹಾಲಿನ ಆಸೆಗೆ ಬಿದ್ದರೆ ಮುಂದಿನ ಸೂಲಿನಲ್ಲಿ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೇವೆ.

ಬತ್ತಿಸುವುದಕ್ಕೆ ವಾರ ಮುಂಚೆಯೇ ಫೀಡ್, ಹಿಂಡಿ ಕಡಿಮೆ ಮಾಡಿ ಒಣಹುಲ್ಲು ಜಾಸ್ತಿ ಮಾಡುತ್ತೇವೆ. ನೀರು ಮಾತ್ರ ಕಡಿಮೆ ಮಾಡುವುದಿಲ್ಲ. ಕೊನೆಯ ಸಲ ಪೂರ್ತಿ ಕರೆದು, ಡಾಕ್ಟರು ಹೇಳಿದ ಔಷಧಿಯ ಟ್ಯೂಬ್ ಅನ್ನು ನಾಲ್ಕೂ ಮೊಲೆಗೆ ಹಾಕಿ ಅಲ್ಲಿಗೆ ಬಿಟ್ಟುಬಿಡುವುದು. ಎರಡು ಮೂರು ದಿನ ಕೆಚ್ಚಲು ಬಿಗಿಯುತ್ತದೆ. ನೋಡಿದರೆ ಕರುಳು ಚುರ್ ಅನ್ನುತ್ತದೆ, ಆದರೂ ಸುಮ್ನೆ ಇರಬೇಕು. ಪಾಪ ಅಂತ ಮಧ್ಯೆ ಸ್ವಲ್ಪ ಕರೆದರೆ ಮತ್ತೆ ಹಾಲು ಊರುತ್ತದೆ, ಕೆಚ್ಚಲು ಬಾವಿಗೂ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಒಂದು ಮೊಲೆ ಮಾತ್ರ ಕೆಂಪಾಗಿ ಬಿಸಿ ಇದ್ದರೆ ಅದು ಬೇರೆ ವಿಷಯ, ತಕ್ಷಣ ಡಾಕ್ಟರಿಗೆ ತೋರಿಸಬೇಕು.

ಈಗ ಕ್ಯಾಲ್ಸಿಯಂ ವಿಷಯ. ನಮ್ಮ ಕಡೆ ಬಹಳ ಜನ ಗಬ್ಬದ ಹಸುವಿಗೆ ಕೊನೆ ತಿಂಗಳು ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸುತ್ತಾರೆ. ಒಳ್ಳೆಯದಕ್ಕೇ ಮಾಡುತ್ತಾರೆ, ಆದರೆ ಆಗುವುದು ಉಲ್ಟಾ. ಕರು ಹಾಕಿದ ದಿನ ಹಾಲಿಗೆ ಒಮ್ಮೆಲೇ ತುಂಬಾ ಕ್ಯಾಲ್ಸಿಯಂ ಬೇಕಾಗುತ್ತದೆ. ಹಸುವಿನ ಮೈ ಅದನ್ನು ತನ್ನ ಮೂಳೆಯಿಂದ ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಹೊರಗಿನಿಂದ ಧಾರಾಳವಾಗಿ ಸಿಗುತ್ತಿದ್ದರೆ ಮೈಗೆ ಆ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಹಾಗಾಗಿ ನಾವು ಕೊನೆಯ ಮೂರು ವಾರ ಕ್ಯಾಲ್ಸಿಯಂ ಬಾಟಲಿ ಮುಟ್ಟುವುದಿಲ್ಲ, ಕ್ಯಾಲ್ಸಿಯಂ ಜಾಸ್ತಿ ಇರುವ ಕುದುರೆಮಸಾಲೆ ಸೊಪ್ಪನ್ನೂ ಹಾಕುವುದಿಲ್ಲ. ಫೀಡ್ ಮಾತ್ರ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತೇವೆ.

ಕ್ಯಾಲ್ಸಿಯಂ ಬಿದ್ದುಹೋದರೆ ಬರುವುದೇ ಹಾಲು ಜ್ವರ. ಕರು ಹಾಕಿದ ಮೊದಲ ಮೂರು ದಿನದಲ್ಲೇ ಜಾಸ್ತಿ, ಅದರಲ್ಲೂ ಮೂರನೇ ಸೂಲು ದಾಟಿದ, ಹೆಚ್ಚು ಹಾಲಿನ ಹಸುಗಳಿಗೆ. ಕಿವಿ ತಣ್ಣಗಾಗುತ್ತದೆ, ನಡೆಯುವಾಗ ತೂರಾಡುತ್ತದೆ, ಆಮೇಲೆ ಕುಸಿದು ಕೂತು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿಬಿಡುತ್ತದೆ. ಆಗ ದಯವಿಟ್ಟು ಬಾಯಿಗೆ ಏನನ್ನೂ ಹುಯ್ಯಬೇಡಿ. ಸರಿಯಾಗಿ ನುಂಗಲಾಗದೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತಿಟ್ಟು ಎದೆಯ ಮೇಲೆ ಕೂರುವ ಹಾಗೆ ಮಾಡಿ ಡಾಕ್ಟರನ್ನು ಕರೆಸಿ. ಅವರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಏರಿಸುತ್ತಾರೆ. ಬೇಗ ಬೇಗ ಏರಿಸಿದರೆ ಹೃದಯಕ್ಕೆ ಅಪಾಯ, ಅದಕ್ಕೇ ಇದು ನಾವು ನಾವೇ ಮಾಡಿಕೊಳ್ಳುವ ಕೆಲಸ ಅಲ್ಲ. ಹೊತ್ತಿಗೆ ಸರಿಯಾಗಿ ಸಿಕ್ಕರೆ ಬಹಳಷ್ಟು ಹಸುಗಳು ಕೆಲವೇ ಗಂಟೆಯಲ್ಲಿ ಎದ್ದು ನಿಲ್ಲುತ್ತವೆ.

ಗಿಣ್ಣದ ಹಾಲಿನ ವಿಷಯಕ್ಕೆ ಮನೆಯಲ್ಲಿ ಸ್ವಲ್ಪ ವಾದ ಆಗಿತ್ತು. ಸತ್ತೆ (ಕರುವಿನ ಹಿಂದೆ ಬೀಳುವ ಮಾಸು) ಬೀಳುವವರೆಗೂ ಕರುವಿಗೆ ಕುಡಿಸಬಾರದು ಅನ್ನುವುದು ಅತ್ತೆ ಕಾಲದಿಂದ ಬಂದ ಪದ್ಧತಿ. ‘ಅತ್ತೆ, ಕರುವಿಗೆ ತಾಯಿ ಹೊಟ್ಟೆಯಲ್ಲಿ ರೋಗ ತಡೆಯುವ ಶಕ್ತಿ ಬರಲ್ವಂತೆ, ಈ ಹಾಲಿಂದಲೇ ಬರಬೇಕಂತೆ’ ಅಂತ ನಮ್ಮ ಡಾಕ್ಟರು ಹೇಳಿದ್ದನ್ನು ಹೇಳಿದೆ. ಆ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳುವುದು ಮೊದಲ ಕೆಲವು ಗಂಟೆ ಮಾತ್ರ, ಒಂದು ದಿನ ಕಳೆದರೆ ಮುಗಿಯಿತು. ಸತ್ತೆಗೆ ಕಾದರೆ ಅಮೂಲ್ಯ ಹೊತ್ತು ಹೋಗುತ್ತದೆ. ಅತ್ತೆ ಒಪ್ಪಿದರು. ಈಗ ಕರು ಬಿದ್ದ ಕೂಡಲೇ ಮೂಗು ಬಾಯಿ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದು ಗಂಟೆಯ ಒಳಗೆ ಗಿಣ್ಣದ ಹಾಲು ಕುಡಿಸುವವರು ಅವರೇ. 30 ಕೆಜಿ ಕರುವಿಗೆ ಮೊದಲ ದಿನ ಮೂರು ಲೀಟರ್, ಎರಡು ಮೂರು ಸಲ ಮಾಡಿ. ಕರುವಿಗೆ ಆಗಿ ಉಳಿದದ್ದಕ್ಕೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ಅಕ್ಕಪಕ್ಕದ ಮನೆಗೂ ಕೊಡುತ್ತೇವೆ.

ಸತ್ತೆ 12 ಗಂಟೆಯಲ್ಲಿ ಬೀಳದಿದ್ದರೆ ಡಾಕ್ಟರಿಗೆ ಹೇಳುತ್ತೇವೆ. ಅದನ್ನು ಹಿಡಿದು ಎಳೆಯುವುದು, ಕಲ್ಲು ಕಟ್ಟುವುದು ಬೇಡವೇ ಬೇಡ, ಗರ್ಭಕೋಶಕ್ಕೆ ಗಾಯ ಆಗುತ್ತದೆ.

ಹೆಚ್ಚು ಹಾಲಿನ ಹಸುವನ್ನು ಮೊದಲ ಎರಡು ಮೂರು ದಿನ ಪೂರ್ತಿ ಬಸಿದು ಕರೆಯುವುದಿಲ್ಲ. ಫೀಡನ್ನೂ ಒಂದೇ ಸಲಕ್ಕೆ ಸುರಿಯದೆ ಎರಡು ವಾರದಲ್ಲಿ ಏರಿಸುತ್ತಾ ಹೋಗುತ್ತೇವೆ. ಆಮೇಲೆ ಲೆಕ್ಕ ಸುಲಭ. ದಿನಕ್ಕೆ ಹಸುವಿನ ಮೈಗೆ ಒಂದೂವರೆ ಕೆಜಿ ಫೀಡ್, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಖನಿಜ ಮಿಶ್ರಣ ಮತ್ತೆ ಶುರು, ಕ್ಯಾಲ್ಸಿಯಂ ಕೂಡ. ಎರಡು ತಿಂಗಳು ಕಳೆದ ಮೇಲೆ ಬೆದೆಗೆ ಬರುವುದನ್ನು ಕಾಯುತ್ತೇವೆ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಗ್ಗೆ ಇಂಜೆಕ್ಷನ್ ಹಾಕಿಸುತ್ತೇವೆ.